ಮನೆಯ ಮೋಡೆಮ್: ನೆನಪು ಮತ್ತು ಸೋಂಕು

ಕಂಪ್ಯೂಟರಿನ ಅಂಕಿ-ಸಂಕೇತಗಳನ್ನು ದೂರವಾಣಿ ತಂತಿಯಲ್ಲಿ ಸಾಗಬಲ್ಲ ದನಿಯಾಗಿ ಮಾರ್ಪಡಿಸಿ, ಎದುರು ತುದಿಯಲ್ಲಿ ಆ ದನಿಯನ್ನು ಮರಳಿ ಅಂಕಿಗಳಾಗಿಸುವುದು ಮೋಡೆಮ್‌ನ ಮೂಲ ಕೆಲಸವಾಗಿದ್ದು, ಮಾಡ್ಯುಲೇಟರ್ ಮತ್ತು ಡಿಮಾಡ್ಯುಲೇಟರ್ ಎಂಬ ಎರಡು ಪದಗಳ ಮೊದಲ ತುಣುಕುಗಳು ಸೇರಿ ಅದರ ಹೆಸರಾಗಿದೆ. 1981ರಲ್ಲಿ ಬಂದ ಹೇಯ್ಸ್ ಸ್ಮಾರ್ಟ್‌ಮೋಡೆಮ್ ಕಂಪ್ಯೂಟರ್ ಕೊಟ್ಟ ಅಪ್ಪಣೆಯಂತೆ ತಾನೇ ನಂಬರು ತಿರುಗಿಸುತ್ತಿತ್ತು. ಅದರ ನಂತರದ ಮಾದರಿಗಳು ಕೆಲವು ಹೊಂದಿಕೆಗಳನ್ನೂ ಒಂದೆರಡು ದೂರವಾಣಿ ಸಂಖ್ಯೆಗಳನ್ನೂ ವಿದ್ಯುತ್ ಹೋದರೂ ಅಳಿಯದಂತೆ ಇಟ್ಟುಕೊಳ್ಳುತ್ತಿದ್ದವು. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಭಾರತದಲ್ಲಿ ಸಾರ್ವಜನಿಕ ಅಂತರಜಾಲ ಸೇವೆಯನ್ನು ಆರಂಭಿಸಿದಾಗ ಮನೆಗಳಿಗೆ ಬಂದದ್ದು ಈ ವಂಶದ ಪೆಟ್ಟಿಗೆಗಳೇ. ಅವುಗಳ ನೆನಪು ಅಷ್ಟಕ್ಕೇ ಮುಗಿಯುತ್ತಿದ್ದುದರಿಂದ ಅಲ್ಲಿ ವೈರಸ್ಸಿಗೆ ನೆಲೆ ಸಿಗುವಂತಿರಲಿಲ್ಲ.

ಆದರೂ ಭಯ ಮಾತ್ರ ವೈರಸ್ಸಿಗಿಂತ ಬಹು ಮುಂಚೆಯೇ ಬಂದಿತ್ತು. 1988ರ ಅಕ್ಟೋಬರಿನಲ್ಲಿ ಅಮೆರಿಕದ ಕಂಪ್ಯೂಟರ್ ಬಳಕೆದಾರರ ನಡುವೆ ಹರಡಿದ ಒಂದು ಎಚ್ಚರಿಕೆಯ ಪ್ರಕಾರ, 2400 ಬಾಡ್ ವೇಗದ ಮೋಡೆಮ್‌ಗಳ ಉಪವಾಹಕ ತರಂಗದ ಮೂಲಕ ಒಂದು ವೈರಸ್ ಮೋಡೆಮಿನಿಂದ ಮೋಡೆಮಿಗೆ ಹಬ್ಬುತ್ತಿತ್ತು, ಮತ್ತು ಅದರಿಂದ ಪಾರಾಗಲು ಇದ್ದ ದಾರಿಯೆಂದರೆ 1200 ಬಾಡ್‌ಗೆ ಮರಳುವುದೊಂದೇ. ಬರೆದವನ ಹೆಸರು ಮೈಕ್ ರೊಷೆನ್ಲೆ ಎಂದಿತ್ತು. ಐಬಿಎಂನ ‘ಮೈಕ್ರೋ ಚಾನೆಲ್’ ತಂತ್ರಜ್ಞಾನದ ಹೆಸರನ್ನು ತಿರುಚಿ ಮಾಡಿದ ಕುಚೋದ್ಯ ಅದು. ಸಂಗತಿ ಶುದ್ಧ ಸುಳ್ಳು. ಮುಂದಿನ ತಿಂಗಳ 2ರಂದು ನಿಜವಾಗಿಯೇ ಹೊರಬಿದ್ದ ಮಾರಿಸ್ ವರ್ಮ್ ಸೋಂಕು ತಗುಲಿಸಿದ್ದು ಮೋಡೆಮ್‌ಗಳಿಗಲ್ಲ, ಯೂನಿಕ್ಸ್ ಯಂತ್ರಗಳಿಗೆ.

ಬ್ರಾಡ್‌ಬ್ಯಾಂಡ್ ಬಂದ ಮೇಲೆ ಪೆಟ್ಟಿಗೆಯ ಜಾತಿಯೇ ಬದಲಾಯಿತು. ಹೊರಗಿನ ಸಂಪರ್ಕವನ್ನು ಮನೆಯ ಹಲವು ಸಾಧನಗಳಿಗೆ ಹಂಚುವ ರೂಟರ್ ಮೋಡೆಮ್‌ನೊಳಗೇ ಸೇರಿಕೊಂಡಿತು. ಜನ ಇಂದಿಗೂ ಎರಡನ್ನೂ ಕೂಡಿಸಿ ‘ಮೋಡೆಮ್’ ಎಂದೇ ಕರೆಯುತ್ತಾರೆ. 2002ರ ಕೊನೆಗೆ ಬಂದ ಲಿಂಕ್‌ಸಿಸ್ ಡಬ್ಲ್ಯುಆರ್‌ಟಿ54ಜಿ ಎಂಬ ರೂಟರ್ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯಿಂದ ನಡೆಯುತ್ತಿದ್ದು, ಅದರ ಪ್ರಸಿದ್ಧ ಆವೃತ್ತಿಗಳಲ್ಲಿ 4 ಮೆಗಾಬೈಟ್ ಫ್ಲಾಶ್ ಮೆಮೊರಿ ಮತ್ತು 16 ಮೆಗಾಬೈಟ್ ರ‍್ಯಾಮ್ ಇದ್ದವು. ಯಂತ್ರವನ್ನು ನಡೆಸುವ ಫರ್ಮ್‌ವೇರ್ ಎಂಬ ತಂತ್ರಾಂಶ, ಸೇವಾದಾತರು ಕೊಟ್ಟ ಖಾತೆಯ ಹೆಸರು, ವೈಫೈ ಪಾಸ್‌ವರ್ಡ್ ಇವೆಲ್ಲ ಸ್ವಿಚ್ ಆರಿಸಿದರೂ ಅಳಿಯದ ಫ್ಲಾಶ್‌ನಲ್ಲಿರುತ್ತವೆ. ಆ ಗಳಿಗೆಯಲ್ಲಿ ನಡೆಯುತ್ತಿರುವ ಕೆಲಸ ರ‍್ಯಾಮ್‌ನಲ್ಲಿದ್ದು ವಿದ್ಯುತ್ ಹೋದೊಡನೆ ಇಲ್ಲವಾಗುತ್ತದೆ. ಮನೆಯವರು ನೋಡಿದ ಚಿತ್ರವಾಗಲಿ ಕಳಿಸಿದ ಪತ್ರವಾಗಲಿ ಇಲ್ಲಿ ಉಳಿಯುವುದಿಲ್ಲ, ಹಾದುಹೋಗುತ್ತದೆ ಅಷ್ಟೇ. ಯುಎಸ್‌ಬಿ ಕಿಂಡಿಗೆ ಹಾರ್ಡ್‌ಡಿಸ್ಕ್ ಸಿಕ್ಕಿಸಿದರೆ ಮಾತು ಬೇರೆ: ಏಸಸ್ ರೂಟರ್‌ಗಳ ದೋಷಗಳ ಮೂಲಕ 2014ರಲ್ಲಿ 12,900ಕ್ಕೂ ಹೆಚ್ಚು ಗ್ರಾಹಕರ ಇಂಥ ಡಿಸ್ಕುಗಳಿಗೆ ಹೊರಗಿನವರು ಕೈಹಾಕಿದ್ದರೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ದಾಖಲಿಸಿದೆ.

ಲಿನಕ್ಸ್ ಹೊಕ್ಕ ಪೆಟ್ಟಿಗೆ ಅಂಗೈಯಗಲದ ಕಂಪ್ಯೂಟರೇ ಆದುದರಿಂದ ಕಂಪ್ಯೂಟರಿನ ರೋಗಗಳೂ ಅದನ್ನು ಹಿಂಬಾಲಿಸಿದವು. 2009ರಲ್ಲಿ ಬೆಳಕಿಗೆ ಬಂದ ಸೈಬಾಟ್, 2010ರಲ್ಲಿ ಜೆಕ್ ದೇಶದ ಮಸಾರಿಕ್ ವಿಶ್ವವಿದ್ಯಾಲಯದವರು ಬಹಿರಂಗಪಡಿಸಿದ ಚಕ್ ನಾರಿಸ್ ಇವು ಮನೆಯ ರೂಟರ್‌ಗಳನ್ನೇ ಗುರಿಯಾಗಿಸಿಕೊಂಡ ಆರಂಭದ ಬಾಟ್‌ನೆಟ್‌ಗಳು, ಎಂದರೆ ಯಜಮಾನರಿಗೆ ತಿಳಿಯದಂತೆ ಪರರ ಆಜ್ಞೆಗೆ ಕುಣಿಯುವ ಯಂತ್ರಗಳ ಕೂಟಗಳು. ಇವುಗಳಿಗಿಂತ ಹೆಚ್ಚು ಕಲಿಸುವುದು ಬ್ರೆಜಿಲ್‌ನ ಪ್ರಕರಣ. 2011–12ರಲ್ಲಿ ಅಲ್ಲಿನ ಸುಮಾರು 45 ಲಕ್ಷ ಮೋಡೆಮ್‌ಗಳಲ್ಲಿ ವಂಚಕರು ಯಾವ ವೈರಸ್ಸನ್ನೂ ತುಂಬಲಿಲ್ಲ. ಜಾಲತಾಣದ ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಸರ್ವರ್‌ನ ಸಂಖ್ಯೆಯನ್ನು ಮಾತ್ರ ತಿದ್ದಿದರು. ಆ ಸಂಖ್ಯೆ ಹಿಡಿಯುವ ಜಾಗ ನಾಲ್ಕೇ ಬೈಟ್. ಗೂಗಲ್ ತೆರೆಯಹೊರಟವರ ಮುಂದೆ ‘ಗೂಗಲ್ ಡಿಫೆನ್ಸ್’ ಎಂಬ ತಂತ್ರಾಂಶವನ್ನು ಹಾಕಿಕೊಳ್ಳಿರೆಂಬ ನಕಲಿ ಪುಟ ಬರುತ್ತಿತ್ತು, ನಂಬಿ ಒತ್ತಿದವರ ಕಂಪ್ಯೂಟರಿಗೆ ಬ್ಯಾಂಕ್ ಕಳ್ಳತನದ ತಂತ್ರಾಂಶ ಇಳಿಯುತ್ತಿತ್ತು. ಮೋಡೆಮ್ ವೈರಸ್ ಹರಡಬಲ್ಲುದೇ ಎಂಬ ಪ್ರಶ್ನೆಗೆ ಇಲ್ಲಿ ದೊರೆಯುವ ಉತ್ತರವೆಂದರೆ, ಹರಡಲು ಅದು ತಾನೇ ರೋಗ ಹೊರಬೇಕಾಗಿಲ್ಲ, ದಾರಿ ತಪ್ಪಿಸಿದರೆ ಸಾಕು.

2016ರ ಮಿರಾಯ್ ಎಂಬ ಕುತಂತ್ರಾಂಶ ಬಾಟ್‌ನೆಟ್ ಕಟ್ಟುವ ವಿದ್ಯೆಯನ್ನು ಸಗಟು ವ್ಯಾಪಾರವಾಗಿಸಿತು. ಕ್ಯಾಮೆರಾ, ವಿಡಿಯೊ ರೆಕಾರ್ಡರ್, ರೂಟರ್‌ಗಳ ಬಾಗಿಲನ್ನು ಅದು ಅರವತ್ತರಷ್ಟು ಕಾರ್ಖಾನೆ ಪಾಸ್‌ವರ್ಡ್‌ಗಳಿಂದ ತಟ್ಟಿ ನೋಡುತ್ತಿತ್ತು. ಒಳಹೊಕ್ಕ ಮೇಲೆ ತನ್ನ ಕಡತವನ್ನು ತಾನೇ ಅಳಿಸಿ ರ‍್ಯಾಮ್‌ನಲ್ಲಷ್ಟೇ ಬದುಕುತ್ತಿತ್ತು. ಆದ್ದರಿಂದ ಸ್ವಿಚ್ ಆರಿಸಿ ಹಾಕಿದರೆ ಸಾಧನ ಶುದ್ಧವಾಗುತ್ತಿತ್ತಾದರೂ ಫ್ಲಾಶ್ ಕಾಪಾಡಿದ್ದ ಹಳೆಯ ಪಾಸ್‌ವರ್ಡ್ ಹಾಗೇ ಉಳಿದಿರುತ್ತಿದ್ದುದರಿಂದ ಕೆಲವೇ ನಿಮಿಷಗಳಲ್ಲಿ ಸೋಂಕು ಮರಳುತ್ತಿತ್ತು. ಅದೇ ನವೆಂಬರಿನಲ್ಲಿ ಮಿರಾಯ್‌ನ ಒಂದು ರೂಪಾಂತರ, ಸೇವಾದಾತರು ದೂರದಿಂದಲೇ ಮೋಡೆಮ್ ನಿರ್ವಹಿಸಲು ಇಟ್ಟುಕೊಂಡ ಬಾಗಿಲನ್ನು ಬಡಿಯಹೋಗಿ ಜರ್ಮನಿಯ ಡಾಯ್ಚ ಟೆಲಿಕಾಮ್‌ನ ಸುಮಾರು 9 ಲಕ್ಷ ಗ್ರಾಹಕರ ಸಂಪರ್ಕವನ್ನು ಕೆಡಿಸಿತು. ಅಲ್ಲಿನ ರೂಟರ್‌ಗಳು ಸೋಂಕಿಗೆ ಸಿಗದಿದ್ದರೂ ಬಡಿತ ತಾಳಲಾರದೆ ನಿಂತುಹೋಗಿದ್ದವು. 2017ರ ಜುಲೈ ಕೊನೆಯಲ್ಲಿ ಕರ್ನಾಟಕವೂ ಸೇರಿದಂತೆ ಹಲವೆಡೆ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಗ್ರಾಹಕರ ಮೋಡೆಮ್‌ಗಳು ಕುತಂತ್ರಾಂಶದ ದಾಳಿಗೆ ಸಿಕ್ಕಿ ಕೆಲಸ ನಿಲ್ಲಿಸಿದಾಗಲೂ ಸಿಕ್ಕಿಬಿದ್ದವು ‘ಅಡ್ಮಿನ್’ ಎಂಬ ಪಾಸ್‌ವರ್ಡನ್ನು ಬದಲಿಸದೆ ಬಿಟ್ಟವೇ.

ಸ್ವಿಚ್ ಆರಿಸಿ ಹಾಕಿದರೆ ಸೋಂಕು ಅಳಿಯುತ್ತದೆಂಬ ಸಮಾಧಾನವೂ ಮಾರನೆಯ ವರ್ಷ ಹೋಯಿತು. 2018ರ ಮೇ ತಿಂಗಳಲ್ಲಿ ಸಿಸ್ಕೊ ಕಂಪನಿಯ ಟಾಲೋಸ್ ತಂಡ ವಿವರಿಸಿದ ವಿಪಿಎನ್‌ಫಿಲ್ಟರ್ ಎಂಬ ಕುತಂತ್ರಾಂಶ, ಕನಿಷ್ಠ 54 ದೇಶಗಳ ಸುಮಾರು 5 ಲಕ್ಷ ಸಾಧನಗಳಲ್ಲಿ ನೆಲೆಸಿದ್ದು, ಅದರ ಮೊದಲ ಹಂತ ಮರುಚಾಲನೆಯ ನಂತರವೂ ಉಳಿಯುತ್ತಿತ್ತು. ಅದರ ಒಂದು ಘಟಕ ರೂಟರ್ ಮೂಲಕ ಹಾದುಹೋಗುವ ಪುಟಗಳಿಗೆ ಪರಕೀಯ ಸಂಕೇತಗಳನ್ನು ಸೇರಿಸಬಲ್ಲುದಾಗಿತ್ತು. ಸ್ವಿಚ್ ಆರಿಸಿ ಹಾಕಿರೆಂದು ಎಫ್‌ಬಿಐ ಜನರಿಗೆ ಸೂಚಿಸಿತಾದರೂ ಅದರಿಂದ ಅಳಿಯುತ್ತಿದ್ದುದು ನಂತರದ ಹಂತಗಳಷ್ಟೇ. ಬೇರನ್ನು ಕೀಳಲು ಹಿಂಬದಿಯ ಸಣ್ಣ ರಂಧ್ರಕ್ಕೆ ಪಿನ್ನು ಚುಚ್ಚಿ ಕಾರ್ಖಾನೆಯ ಸ್ಥಿತಿಗೆ ತರಬೇಕಾಗುತ್ತಿತ್ತು, ತಂದೊಡನೆ ಕಾರ್ಖಾನೆಯ ಪಾಸ್‌ವರ್ಡೂ ಮರಳಿ ಬರುತ್ತಿತ್ತು.

ಪಾಸ್‌ವರ್ಡಿನ ಈ ದೋಷಕ್ಕೆ ಕಾನೂನಿನ ಮದ್ದು ಬಂದದ್ದು ತಡವಾಗಿ: ಕ್ಯಾಲಿಫೋರ್ನಿಯದಲ್ಲಿ 2020ರ ಜನವರಿಯಿಂದ, ಬ್ರಿಟನ್ನಿನಲ್ಲಿ 2024ರ ಏಪ್ರಿಲ್‌ನಿಂದ. ತಯಾರಕರೇ ಕೈಬಿಟ್ಟ ಹಳೆಯ ಪೆಟ್ಟಿಗೆಗಳಿಗೆ ಅದು ನಾಟುವುದಿಲ್ಲ. ಸಿಸ್ಕೊ ಮತ್ತು ನೆಟ್‌ಗಿಯರ್‌ನ ಅಂಥ ನೂರಾರು ರೂಟರ್‌ಗಳಲ್ಲಿ ಹೊಕ್ಕಿದ್ದ ಕೆವಿ ಬಾಟ್‌ನೆಟ್ಟನ್ನು ಎಫ್‌ಬಿಐ 2023ರ ಡಿಸೆಂಬರಿನಲ್ಲಿ ನ್ಯಾಯಾಲಯದ ಅನುಮತಿ ಪಡೆದು ದೂರದಿಂದಲೇ ಅಳಿಸಿ, ಅದು ಮರಳದಂತೆ ತಡೆಯನ್ನೂ ಹಾಕಿತು. ಯಜಮಾನರು ಒಮ್ಮೆ ಸ್ವಿಚ್ ಆರಿಸಿ ಹಾಕಿದರೆ ಆ ತಡೆ ಅಳಿದುಹೋಗುತ್ತದೆಂದು ಅಮೆರಿಕದ ನ್ಯಾಯ ಇಲಾಖೆ ತನ್ನ ಪ್ರಕಟಣೆಯಲ್ಲಿ ತಿಳಿಸಿತು.