ವೀರಗಲ್ಲೂ ವಿಮಾನವೂ

ಮಡಿಕೇರಿಗೆ ಹೋದವರು ರಾಜಾಸೀಟನ್ನು ನೋಡದೆ ಹಿಂದಿರುಗುವುದಿಲ್ಲ. ಆದರೆ ಅದೇ ಪಟ್ಟಣದಲ್ಲಿ, ಖಾಸಗಿ ಬಸ್ ನಿಲ್ದಾಣದ ಬಳಿ ಇರುವ ವಾಯುಪಡೆಯ ಅಧಿಕಾರಿಯೊಬ್ಬರ ಪ್ರತಿಮೆಯ ಮುಂದೆ ಒಂದು ಗಳಿಗೆ ನಿಲ್ಲುವವರು ಕಡಮೆ. ಅವರು ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರು. ಅಜ್ಜಮಾಡ ಎಂಬುದು ಒಕ್ಕದ ಹೆಸರು, ಬೋಪಯ್ಯ ಎಂಬುದು ತಂದೆಯ ಹೆಸರು. ೧೯೩೨ರಲ್ಲಿ ಹುಟ್ಟಿ, ೧೯೫೪ರಲ್ಲಿ ವಾಯುಪಡೆ ಸೇರಿದ ಇವರು ಹೊಸಬರಿಗೆ ವಿಮಾನ ನಡೆಸುವುದನ್ನು ಕಲಿಸುವ ಶಿಕ್ಷಕರೂ ಆಗಿದ್ದರು.

ಅವರು ಕೊನೆಯ ಬಾರಿ ಏರಿದ ವಿಮಾನ ಮಿಸ್ಟೇರ್. ಅದು ಮರಳಿ ಬರಲಿಲ್ಲ. ಆದರೆ ಅದೇ ಜಾತಿಯ ಮತ್ತೊಂದು ವಿಮಾನವನ್ನು ದೆಹಲಿಯ ಪಾಲಂನಲ್ಲಿ, ೧೯೬೭ರಲ್ಲಿ ಸ್ಥಾಪಿತವಾದ ವಾಯುಪಡೆಯ ವಸ್ತುಸಂಗ್ರಹಾಲಯದಲ್ಲಿ ಕಾದಿರಿಸಿದ್ದಾರೆ. ಫ್ರಾನ್ಸ್ ದೇಶದ ದಸೋ ಕಂಪೆನಿಯಲ್ಲಿ ತಯಾರಾದ ಇಂಥ ನೂರಕ್ಕೂ ಹೆಚ್ಚು ವಿಮಾನಗಳನ್ನು ೧೯೫೭ರಿಂದ ಭಾರತ ತರಿಸಿಕೊಂಡಿತು. ಒಬ್ಬನೇ ಕೂರುವಷ್ಟು ಜಾಗ, ಮೂತಿಯಲ್ಲಿ ಗಾಳಿ ನುಂಗುವ ಒಂದು ಬಾಯಿ, ಹಿಂದಕ್ಕೆ ಬಾಗಿದ ರೆಕ್ಕೆ, ಎರಡು ಫಿರಂಗಿ. ಸಮತಟ್ಟಾಗಿ ಹಾರುವಾಗ ಇದರ ವೇಗ ಶಬ್ದದ ವೇಗವನ್ನು ಮುಟ್ಟದು.

ಇದಕ್ಕೆ ಎದುರಾದದ್ದು ಎಂಥ ವಿಮಾನ? ಅಮೆರಿಕದಲ್ಲಿ ತಯಾರಾಗಿ ಪಾಕಿಸ್ತಾನದ ಕೈಸೇರಿದ್ದ ಸ್ಟಾರ್‌ಫೈಟರ್. ಅದರ ವೇಗ ಶಬ್ದದ ಎರಡರಷ್ಟು. ಎತ್ತಿನ ಗಾಡಿ ಮೋಟಾರು ಕಾರಿನೊಡನೆ ಪಂದ್ಯ ಕಟ್ಟಿದಂತೆ ಎಂದು ನೀವು ನಗಬಹುದು. ಆದರೆ ನಡೆದುದನ್ನು ಕೇಳಿ.

೧೯೬೫ನೆಯ ಸೆಪ್ಟೆಂಬರ್ ೭ರ ಬೆಳಗ್ಗೆ ಪಂಜಾಬಿನ ಆದಂಪುರದಿಂದ ಒಂದನೆಯ ಸ್ಕ್ವಾಡ್ರನ್ನಿನ ಮಿಸ್ಟೇರ್‌ಗಳು ಪಾಕಿಸ್ತಾನದ ಸರ್ಗೋಧಾ ವಿಮಾನನೆಲೆಯ ಮೇಲೆ ದಾಳಿಗೆ ಹೊರಟವು. ದಳದ ನಾಯಕರು ವಿಂಗ್ ಕಮಾಂಡರ್ ತನೇಜಾ. ದೇವಯ್ಯನವರು ಆ ದಿನ ಮೀಸಲಿನವರು. ಯಾರಾದರೂ ಹಿಂದೆ ಉಳಿದರೆ ಮಾತ್ರ ಹೋಗಬೇಕಾದವರು. ಒಂದು ವಿಮಾನ ಹಿಂದೆ ಉಳಿಯಿತು. ಅವರು ಹೋದರು.

ದಾಳಿಯ ಬಳಿಕ ಸ್ಟಾರ್‌ಫೈಟರ್ ಒಂದು ಅವರ ಬೆನ್ನುಹತ್ತಿತು. ಅದರ ಗುಂಡು ಮಿಸ್ಟೇರ್‌ಗೆ ತಗುಲಿತು. ಏಟು ತಿಂದ ವಿಮಾನದಲ್ಲಿಯೇ ದೇವಯ್ಯನವರು ತಿರುಗಿ ನಿಂತು ಕಾದಿದರು. ಸ್ಟಾರ್‌ಫೈಟರಿನ ರೆಕ್ಕೆ ಬಲು ಗಿಡ್ಡ. ನೇರ ಓಟದಲ್ಲಿ ಅದನ್ನು ಹಿಡಿಯುವವರಿಲ್ಲ. ಸುತ್ತಿ ಸುತ್ತಿ ತಿರುಗುವ ಕಾಳಗಕ್ಕೆ ಸಿಕ್ಕಿಕೊಂಡರೆ ಅದರ ವೇಗವೆಲ್ಲ ವ್ಯರ್ಥ. ಇಲ್ಲಿ ಆದುದೂ ಅದೇ. ಸ್ಟಾರ್‌ಫೈಟರ್ ನೆಲಕ್ಕುರುಳಿತು. ಅದರ ಚಾಲಕ ಅಮ್ಜದ್ ಹುಸೇನ್ ಹೊರಕ್ಕೆ ಚಿಮ್ಮಿ ಬದುಕಿಕೊಂಡರು. ದೇವಯ್ಯನವರು ಬದುಕಲಿಲ್ಲ. ಆಗ ಅವರಿಗೆ ಮೂವತ್ತೆರಡು ವರ್ಷ.

ನಮ್ಮವರಾರೂ ಈ ಕಾಳಗವನ್ನು ಕಣ್ಣಾರೆ ಕಂಡಿರಲಿಲ್ಲ. ಆದುದರಿಂದ ಇಲ್ಲಿಯ ದಾಖಲೆಯಲ್ಲಿ ಅವರು ಹಿಂದಿರುಗದವರು, ಅಷ್ಟೆ. ಹದಿನಾಲ್ಕು ವರ್ಷ ಕಳೆದು ೧೯೭೯ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕರು, ಪಾಕಿಸ್ತಾನದ ಕಡೆಯ ಮಾಹಿತಿಯನ್ನು ಆಧರಿಸಿ, ಆ ಯುದ್ಧದ ಬಗೆಗೆ ಒಂದು ಗ್ರಂಥ ಪ್ರಕಟಿಸಿದರು. ಸ್ಟಾರ್‌ಫೈಟರನ್ನು ಕೆಡವಿದ್ದು ಒಂದು ಮಿಸ್ಟೇರ್ ಎಂಬ ಸಂಗತಿ ಅದರಲ್ಲಿತ್ತು. ಅದನ್ನು ತಿಳಿದ ತನೇಜಾ ಅವರು ಸುಮ್ಮನಿರದೆ ಮೇಲಿನವರ ಗಮನಕ್ಕೆ ತಂದರು. ೧೯೮೮ರಲ್ಲಿ ದೇವಯ್ಯನವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಸಂದಿತು. ಇಪ್ಪತ್ತಮೂರು ವರ್ಷ! ಒಬ್ಬ ವೀರನ ಸಾಕ್ಷ್ಯ ಎದುರಾಳಿಯ ಕಡೆಯಿಂದ ಬರಬೇಕಾಯಿತು.

ನಮ್ಮದು ವೀರಗಲ್ಲುಗಳ ನಾಡು. ತುರು ಕಾಯ್ದು ಸತ್ತವನಿಗೆ, ಊರಿಗಾಗಿ ಸತ್ತವನಿಗೆ ಹಿರಿಯರು ಕಲ್ಲು ನಿಲ್ಲಿಸಿದರು. ಅಷ್ಟೇಕೆ, ಹಂದಿಯೊಡನೆ ಕಾದಿ ಮಡಿದ ಕಾಳಿ ಎಂಬ ಬೇಟೆನಾಯಿಗೂ ಕಲ್ಲು ಉಂಟು. ಹತ್ತನೆಯ ಶತಮಾನದ ಆ ಆತಕೂರು ಶಾಸನದಲ್ಲಿ ನಾಯಿಯ ಹೆಸರು ಇಂದಿಗೂ ಅಳಿದಿಲ್ಲ. ವೀರಗಲ್ಲಿನ ನಡುವಣ ಪಟ್ಟಿಕೆಯಲ್ಲಿ ಅಪ್ಸರೆಯರು ವೀರನನ್ನು ವಿಮಾನದಲ್ಲಿ ಕೊಂಡೊಯ್ಯುವ ಚಿತ್ರವನ್ನು ನೀವು ಕಂಡಿರಬಹುದು. ಕಲ್ಲು ಕಡೆದವನು ವಿಮಾನವನ್ನಷ್ಟೇ ಬಿಡಿಸಿ ವೀರನನ್ನು ಬಿಟ್ಟಿದ್ದರೆ ಆ ಕಲ್ಲಿಗೆ ಅರ್ಥವೇನು?

ವಿಮಾನಗಳ ಸಂಗ್ರಹಾಲಯಕ್ಕೂ ಈ ಮಾತು ಸಲ್ಲುತ್ತದೆ. ದೆಹಲಿ ದೂರವಾದರೆ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರೊನಾಟಿಕ್ಸ್ ಸಂಸ್ಥೆ ೨೦೦೧ರಲ್ಲಿ ತೆರೆದ ಸಂಗ್ರಹಾಲಯವಿದೆ. ೧೯೬೧ರಲ್ಲಿ ಮೊದಲು ಹಾರಿದ, ನಮ್ಮಲ್ಲಿಯೇ ರೂಪುಗೊಂಡ ಮರುತ್ ಯುದ್ಧವಿಮಾನವನ್ನು ಅಲ್ಲಿ ಹತ್ತಿರದಿಂದ ನೋಡಬಹುದು. ರಜೆಯಲ್ಲಿ ಮಕ್ಕಳನ್ನು ಕರೆದೊಯ್ಯಿರಿ. ವೇಗವೆಷ್ಟು, ತೂಕವೆಷ್ಟು ಎಂದು ಅವರು ಫಲಕ ನೋಡಿ ಓದಿಕೊಳ್ಳುತ್ತಾರೆ. ಇದನ್ನು ಹಾರಿಸಿದವರು ಯಾರು, ಮರಳಿ ಬಂದವರೆಷ್ಟು ಜನ ಎಂದು ನೀವು ಕೇಳಿ. ಫಲಕದಲ್ಲಿ ಉತ್ತರವಿಲ್ಲದಿದ್ದರೆ, ಕೊಡಗಿನ ದೇವಯ್ಯನವರ ಕತೆಯನ್ನು ಅಲ್ಲಿಯೇ ನಿಂತು ಹೇಳಿ.