ಹಳೇ ಪಿಕಪ್‌ಗೆ ಎಕ್ಸ್‌ಟ್ರಾ ಪ್ಲೇಟು ಹಾಕುವ ಮುಂಚೆ ಇದು ಗೊತ್ತಿರಲಿ

ಬೆಳುವಾಯಿ: ಕೆಂಪುಕಲ್ಲು, ಅಡಿಕೆ ಹೊತ್ತು ಹಿಂಬದಿ ಕುಳಿತುಬಿಟ್ಟ ಹಳೇ ಪಿಕಪ್‌ಗೆ ಮನೆಯಂಗಳದಲ್ಲೇ ಒಂದು ಲೀಫ್ ಪ್ಲೇಟು ಜಾಸ್ತಿ ಹಾಕಿಕೊಳ್ಳುವವರಿದ್ದಾರೆ. ಗಾಡಿ ಎತ್ತರ ನಿಲ್ಲುತ್ತದೆ, ನಿಜ. ಆದರೆ ಬ್ರೇಕು, ಆಕ್ಸಲ್ ಹಳೇದೇ ಅಲ್ವಾ? ಆರ್‌ಸಿಯಲ್ಲಿ ಬರೆದ ತೂಕ ಒಂದು ಕಿಲೋ ಕೂಡ ಏರುವುದಿಲ್ಲ. ಪ್ಲೇಟು ತುಂಡಾಗಿದ್ದರೆ ಕಂಪನಿ ಅಳತೆಯದ್ದೇ ಹಾಕಿಸಿ. ಸ್ವಲ್ಪ ಓಡಿಸಿದ ಮೇಲೆ ಯು-ಬೋಲ್ಟ್ ಮತ್ತೊಮ್ಮೆ ಬಿಗಿ ಮಾಡಲೇಬೇಕು.

ಜ್ಯಾಕ್ ಒಂದನ್ನೇ ನಂಬಿ ಗಾಡಿಯಡಿಗೆ ನುಗ್ಗಬೇಡಿ. ಕೆಂಪುಕಲ್ಲು ಕೊಡುವುದೂ ಬೇಡ, ಒಡೆಯುತ್ತದೆ. ಸ್ಟ್ಯಾಂಡೇ ಇರಲಿ.

ದೊಡ್ಡ ಟಯರ್ ಹಾಕಿದರೆ ಮೀಟರ್ ಮೊದಲಿಗಿಂತ ಕಡಿಮೆ ವೇಗ ತೋರಿಸುತ್ತದೆ. ಸೆಕೆಂಡ್‌ಹ್ಯಾಂಡ್ ಟಯರ್ ಆದರೆ ಬದಿಯ ನಾಲ್ಕು ಅಂಕಿ ನೋಡಿ: 2319 ಅಂದ್ರೆ 2019ರ 23ನೇ ವಾರದ್ದು. ಕಾನೂನು ಒಪ್ಪದ ಮಾರ್ಪಾಡು ಮಾಡಿದರೆ ಮೋಟಾರು ವಾಹನ ಕಾಯ್ದೆಯ 182ಎ(4) ಪ್ರಕಾರ ಒಂದೊಂದಕ್ಕೂ 5,000 ರೂ. ದಂಡ ಅಥವಾ 6 ತಿಂಗಳವರೆಗೆ ಜೈಲು, ಎರಡೂ ಆಗಬಹುದು.