ಟಕ್ಸ್ ಪೇಂಟ್: ಗೆರೆ ಮತ್ತು ಆಕೃತಿಗಳ ಕಲಿಕೆ

ಟಕ್ಸ್ ಪೇಂಟ್ ಚಿಕ್ಕ ಮಕ್ಕಳಿಗಾಗಿ ರೂಪುಗೊಂಡ ಮುಕ್ತ ತಂತ್ರಾಂಶ. ಎಂದರೆ ಯಾರಾದರೂ ಉಚಿತವಾಗಿ ಬಳಸಿ, ಬದಲಿಸಿ, ಹಂಚಬಹುದಾದ ಚಿತ್ರರಚನೆಯ ಸಾಧನ. ಅಮೆರಿಕದ ಬಿಲ್ ಕೆಂಡ್ರಿಕ್ 2002ರಲ್ಲಿ ಆರಂಭಿಸಿದ ಇದನ್ನು ಹಲವು ದೇಶಗಳ ಸ್ವಯಂಸೇವಕರು ಬೆಳೆಸಿದ್ದಾರೆ. ಇದರ ಗೆರೆ ಮತ್ತು ಆಕೃತಿ ಸಲಕರಣೆಗಳು ರೇಖಾಗಣಿತದ ಮೊದಲ ಪಾಠಗಳಿಗೆ ವಿಶೇಷವಾಗಿ ಒದಗುತ್ತವೆ.

ಹಿನ್ನೆಲೆ

ಪರದೆಯ ಮೇಲೆ ಒಂದು ತುದಿಯನ್ನು ಊರಿ ಇನ್ನೊಂದನ್ನು ಎಳೆದು ಗೆರೆ ಮೂಡಿಸುವ ಕ್ರಮವನ್ನು ಐವನ್ ಸದರ್ಲೆಂಡ್ ಅವರ ಚಿತ್ರರಚನಾ ತಂತ್ರಾಂಶ ಸ್ಕೆಚ್‌ಪ್ಯಾಡ್ 1963ರಲ್ಲಿಯೇ ಬೆಳಕಿನ ಲೇಖನಿಯ ನೆರವಿನಿಂದ ತೋರಿಸಿಕೊಟ್ಟಿತ್ತು. 1967ರಲ್ಲಿ ವಾಲಿ ಫೋಯರ್‌ಜೈಗ್, ಸೇಮೋರ್ ಪ್ಯಾಪರ್ಟ್ ಮತ್ತು ಸಿಂಥಿಯಾ ಸಾಲೊಮನ್ ರೂಪಿಸಿದ ಲೋಗೋ ಎಂಬ ಕಂಪ್ಯೂಟರ್ ಭಾಷೆಗೆ ಮುಂದೆ ಗೆರೆ ಎಳೆಯುತ್ತ ಚಲಿಸುವ ‘ಆಮೆ’ಯೊಂದು ಜೊತೆಯಾದಾಗ, ಎಷ್ಟು ಸಾಗಬೇಕು, ಎಷ್ಟು ತಿರುಗಬೇಕು ಎಂಬ ಆಜ್ಞೆಗಳಿಂದ ಮಕ್ಕಳು ಆಕೃತಿ ಬರೆಯುವಂತಾಯಿತು. ಟಕ್ಸ್ ಪೇಂಟ್ ಆಜ್ಞೆಯನ್ನು ಬಿಟ್ಟು ಕೈಚಲನೆಯನ್ನೇ ನೆಚ್ಚುತ್ತದೆ.

ಸಲಕರಣೆಗಳ ಕಾರ್ಯವಿಧಾನ

ಗೆರೆಯ ಸಲಕರಣೆಯಲ್ಲಿ ಮಗು ಮೌಸಿನ ಗುಂಡಿಯನ್ನು ಒತ್ತಿದೆಡೆ ಗೆರೆ ಆರಂಭವಾಗಿ, ಬಿಟ್ಟೆಡೆ ಮುಗಿಯುತ್ತದೆ. ನಡುವೆ ತೆಳುವಾದ ತಾತ್ಕಾಲಿಕ ಗೆರೆಯೊಂದು ರಬ್ಬರಿನಂತೆ ಹಿಗ್ಗುತ್ತ ಕುಗ್ಗುತ್ತ ಫಲಿತವನ್ನು ಮುಂಚಿತವಾಗಿ ಕಾಣಿಸುತ್ತದೆ. ಎರಡು ಬಿಂದುಗಳು ನಿಶ್ಚಯವಾದರೆ ಸರಳರೇಖೆಯೂ ನಿಶ್ಚಯವಾಗುತ್ತದೆ ಎಂಬ ತತ್ತ್ವ ಹೀಗೆ ಹೆಸರಿಲ್ಲದೆಯೇ ಅನುಭವಕ್ಕೆ ಬರುತ್ತದೆ.

ಆಕೃತಿಯ ಸಲಕರಣೆ ಇನ್ನೂ ಗಮನಾರ್ಹವಾದುದು. ಸಾಮಾನ್ಯ ಕ್ರಮದಲ್ಲಿ ಮೊದಲ ಒತ್ತು ಆಕೃತಿಯ ಕೇಂದ್ರವನ್ನು, ಎಳೆತ ಅದರ ಗಾತ್ರವನ್ನು, ಗುಂಡಿ ಬಿಟ್ಟ ನಂತರದ ಚಲನೆ ಅದರ ತಿರುವನ್ನು ನಿರ್ಧರಿಸುತ್ತವೆ. ಮತ್ತೊಂದು ಒತ್ತಿನಿಂದ ಆಕೃತಿ ಸ್ಥಿರವಾಗುತ್ತದೆ. ಸ್ಥಾನ, ಅಳತೆ, ದಿಕ್ಕು ಎಂಬ ಮೂರು ಗುಣಗಳು ಇಲ್ಲಿ ಒಂದೊಂದಾಗಿ ಬಿಡಿಸಿ ಕಾಣುತ್ತವೆ. ಮೂಲೆಯ ಮೇಲೆ ನಿಂತ ಚೌಕವನ್ನು ಚಿಕ್ಕ ಮಕ್ಕಳು ಬೇರೆಯೇ ಆಕೃತಿಯೆಂದು ಎಣಿಸುವುದು ಸಾಮಾನ್ಯವಾದುದರಿಂದ, ತಾವೇ ತಿರುಗಿಸಿದ ಚೌಕ ಚೌಕವಾಗಿಯೇ ಉಳಿಯುವುದನ್ನು ಕಾಣುವುದು ಪ್ರಾಯಶಃ ಈ ಸಲಕರಣೆಯ ಅತ್ಯಂತ ಬೆಲೆಯುಳ್ಳ ಪಾಠ. ತೀರ ಚಿಕ್ಕವರಿಗಾಗಿ ತಿರುವಿನ ಹಂತವನ್ನು ತೆಗೆದುಹಾಕುವ ಆಯ್ಕೆಯೂ ಇದೆ. ಆಕೃತಿಯನ್ನು ಆರಿಸಿದೊಡನೆ ಅದರ ಲಕ್ಷಣ ಪರದೆಯ ಕೆಳಭಾಗದಲ್ಲಿ ಮೂಡುತ್ತದೆ. ಅಲ್ಲಿ ಚೌಕವನ್ನು ಸಮಬಾಹುಗಳ ಆಯತವೆಂದೇ ವಿವರಿಸಿರುವುದು ಶಾಸ್ತ್ರಸಮ್ಮತ.

ಬೋಧನೆ

ಅಡ್ಡ, ನೇರ, ಓರೆ ಗೆರೆಗಳಿಂದ ಮೊದಲಾಗಿ, ಮೂರು ಗೆರೆಗಳ ತುದಿ ಸೇರಿಸಿ ತ್ರಿಭುಜ ಕಟ್ಟಿ, ಆಮೇಲೆ ಸಿದ್ಧ ಆಕೃತಿಗಳತ್ತ ಸಾಗುವ ಕ್ರಮ ಉಚಿತವೆನ್ನಬಹುದು. ಸಿದ್ಧ ತ್ರಿಭುಜವೇ ಮೊದಲು ಕೈಗೆ ಸಿಕ್ಕರೆ ಅದರ ರಚನೆ ಗಮನಕ್ಕೆ ಬಾರದೆ ಹೋಗಬಹುದು. ಆದರೆ ಪೆನ್ಸಿಲಿನಿಂದ ಬರುವ ಬೆರಳಿನ ಹಿಡಿತಕ್ಕೆ ಈ ತಂತ್ರಾಂಶ ಬದಲಿಯಲ್ಲ.

ಭಾಷೆಗಳು

ಈ ತಂತ್ರಾಂಶ ಕನ್ನಡವೂ ಸೇರಿದಂತೆ ಅನೇಕ ಭಾಷೆಗಳಲ್ಲಿ ಲಭ್ಯವಿದೆ.